ಸ್ವಂತ ರಿಪೇರಿಯ ನಂತರ ಹೊರಡದ ವಾಹನ: ದೋಷ ಹುಡುಕುವ ಕ್ರಮ, ಹಾಕಬೇಕಾದ ಲೆಕ್ಕ

ಮಾಲೂರು ತಾಲ್ಲೂಕಿನ ಟೇಕಲ್ ಬಂಡೆಗಳ ಊರು. ಕಲ್ಲು ಒಡೆಯುವುದು, ಕೊಯ್ಯುವುದು, ಸಾಗಿಸುವುದು ಇಲ್ಲಿನ ಹಲವು ಕುಟುಂಬಗಳ ಜೀವನೋಪಾಯ. 1864ರಲ್ಲಿ ಬೆಂಗಳೂರು ದಂಡು ಪ್ರದೇಶದಿಂದ ಜೋಲಾರಪೇಟೆಯವರೆಗೆ ತೆರೆಯಲಾದ ರೈಲುಮಾರ್ಗ ಈ ಊರನ್ನು ಹಾದುಹೋಗುತ್ತದೆ. ಆದರೆ ದಿನನಿತ್ಯದ ವ್ಯಾಪಾರ ನಡೆಯುವುದು ರೈಲಿನಿಂದಲ್ಲ. ಅಂಗಡಿಯ ಮುಂದೆ ಅಥವಾ ಕಾರ್ಖಾನೆಯ ಅಂಗಳದಲ್ಲಿ ನಿಂತಿರುವ ಹಳೆಯ ವ್ಯಾನು, ಕಾರು ಇಲ್ಲವೇ ಸಣ್ಣ ಸರಕು ವಾಹನವೇ ಅದರ ಆಧಾರ. ಅದು ಒಂದು ದಿನ ನಿಂತರೆ ಆಳುಗಳು, ಯಂತ್ರಗಳು ಹಾಗೂ ಗಿರಾಕಿಗೆ ಕೊಟ್ಟ ಮಾತು ಎಲ್ಲವೂ ನಿಲ್ಲುತ್ತವೆ.

ಇಂತಹ ವಾಹನ ಕೆಟ್ಟಾಗ ಮಾಲೀಕರೇ ಪಾನಾ ಹಿಡಿಯುವುದು ಹೊಸತೇನಲ್ಲ. ಯಂತ್ರಗಳೊಡನೆ ಬೆಳೆದವರಿಗೆ ಎಂಜಿನ್ ಬಿಚ್ಚುವ ಧೈರ್ಯ ಇದ್ದೇ ಇರುತ್ತದೆ. ಕಷ್ಟ ಎದುರಾಗುವುದು ಬಿಚ್ಚಿದ್ದನ್ನು ಮತ್ತೆ ಜೋಡಿಸಿ ಚಾವಿ ತಿರುಗಿಸಿದ ಗಳಿಗೆಯಲ್ಲಿ. ಎಲ್ಲ ಬೋಲ್ಟುಗಳೂ ಅವುಗಳ ಜಾಗದಲ್ಲಿವೆ, ಒಂದೂ ಉಳಿದಿಲ್ಲ. ಆದರೂ ವಾಹನ ಹೊರಡುವುದಿಲ್ಲ.

ಒಂದು ಸನ್ನಿವೇಶವನ್ನು ಊಹಿಸಿಕೊಳ್ಳಬಹುದು. ಟೇಕಲ್‌ನಲ್ಲಿ ಕಲ್ಲು ಕೊಯ್ಯುವ ಸಣ್ಣ ಘಟಕವೊಂದರ ಮಾಲೀಕರ ಬಳಿ ಕಾರ್ಬೊರೇಟರ್ ಇರುವ ಹಳೆಯ ಮಾರುತಿ ಓಮ್ನಿ ಇದೆ. ನೀರು ಕಡಿಮೆಯಾಗಿ ಎಂಜಿನ್ ಬಿಸಿಯೇರಿ ಹೆಡ್ ಗ್ಯಾಸ್ಕೆಟ್ ಹೋಗಿದೆ. ಭಾನುವಾರ ಅವರು ಮುಂದಿನ ಸೀಟನ್ನು ಎತ್ತಿ, ಹೆಡ್ಡನ್ನು ಇಳಿಸಿ, ಹೊಸ ಗ್ಯಾಸ್ಕೆಟ್ ಹಾಕಿ ಸಂಜೆಗೆ ಜೋಡಿಸಿದ್ದಾರೆ. ಸೋಮವಾರ ಬೆಳಿಗ್ಗೆ ಬೆಂಗಳೂರಿಗೆ ಹೋಗಿ ಗರಗಸಕ್ಕೆ ವಜ್ರದ ಹಲ್ಲಿನ ಹೊಸ ಬ್ಲೇಡು ತರಬೇಕಾಗಿದೆ. ಬ್ಲೇಡು ಬಾರದಿದ್ದರೆ ಇಬ್ಬರು ಕೆಲಸಗಾರರಿಗೆ ಕೆಲಸವಿಲ್ಲ, ಕೂಲಿ ಮಾತ್ರ ಕೊಡಲೇಬೇಕು. ನಸುಕಿನ ಐದು ಗಂಟೆಗೆ ಚಾವಿ ತಿರುಗಿಸಿದಾಗ 'ಟಕ್' ಎಂಬ ಒಂದು ಸದ್ದು ಬಂದು ಎಲ್ಲವೂ ನಿಶ್ಶಬ್ದವಾಗುತ್ತದೆ.

ಕೊನೆಯ ನಮೂದಿನಿಂದ ಆರಂಭ

ಬಿಚ್ಚುವ ಮೊದಲು ಎಂಜಿನ್ ಬಿಸಿಯಾಗುತ್ತಿತ್ತು, ಆದರೆ ಓಡುತ್ತಿತ್ತು. ಈಗ ಓಡುತ್ತಿಲ್ಲ. ಹಾಗಿದ್ದಮೇಲೆ ದೋಷ ಹೊಸದಾಗಿ ಆಕಾಶದಿಂದ ಬಿದ್ದಿರುವ ಸಾಧ್ಯತೆ ಕಡಿಮೆ. ಕೈ ಮುಟ್ಟಿದ ಕಡೆಯಲ್ಲೇ ಅದು ಅಡಗಿರುತ್ತದೆ. ವರ್ಷಾಂತ್ಯದಲ್ಲಿ ತಾಳೆಪಟ್ಟಿ ಸರಿಹೊಂದದಿದ್ದಾಗ ಅನುಭವಿ ಗುಮಾಸ್ತರು ಇಡೀ ವರ್ಷದ ಕಿರ್ದಿಯನ್ನು ಮತ್ತೆ ಬರೆಯಲು ಕೂರುವುದಿಲ್ಲ. ಹಿಂದೆ ತಾಳೆಯಾದ ದಿನಾಂಕವನ್ನು ಗುರುತಿಸಿ, ಅಲ್ಲಿಂದ ಈಚಿನ ನಮೂದುಗಳನ್ನು ಮಾತ್ರ ಒಂದೊಂದಾಗಿ ನೋಡುತ್ತಾರೆ. ಎಂಜಿನ್ನಿನ ವಿಷಯದಲ್ಲಿಯೂ ಇದೇ ಕ್ರಮ ಸಲ್ಲುತ್ತದೆ.

ನುರಿತ ಮೆಕ್ಯಾನಿಕ್ ಬಂದ ಕೂಡಲೇ ಬಾನೆಟ್ ಎತ್ತುವುದಿಲ್ಲ. "ಯಜಮಾನರೇ, ಏನೇನು ಬಿಚ್ಚಿದಿರಿ, ಯಾವುದನ್ನು ಕೊನೆಗೆ ಹಾಕಿದಿರಿ?" ಎಂದು ಮೊದಲು ಕೇಳುತ್ತಾನೆ. ಈ ಪ್ರಶ್ನೆಗೆ ಕಾಗದದ ಮೇಲೆ ಉತ್ತರವಿದ್ದರೆ ಅರ್ಧ ಕೆಲಸ ಮುಗಿದಂತೆ. ಬಿಚ್ಚಿದ ಪ್ರತಿಯೊಂದು ಭಾಗ, ತಂತಿ ಮತ್ತು ಕೊಳವೆಯ ಪಟ್ಟಿ ಮಾಡಿ ಕೊನೆಯದರಿಂದ ಹಿಂದಕ್ಕೆ ಪರೀಕ್ಷಿಸಬೇಕು. ಪಟ್ಟಿ ಮಾಡದೆ ಸಿಕ್ಕಿದ್ದನ್ನೆಲ್ಲ ಬದಲಿಸುತ್ತಾ ಹೋದರೆ ಹಳೆಯ ದೋಷದ ಮೇಲೆ ಹೊಸ ದೋಷ ಸೇರಿಕೊಳ್ಳುತ್ತದೆ.

ಮೊದಲ ಪ್ರಶ್ನೆ: ಎಂಜಿನ್ ತಿರುಗುತ್ತದೆಯೇ?

'ಸ್ಟಾರ್ಟ್ ಆಗುವುದಿಲ್ಲ' ಎಂಬ ಒಂದೇ ಮಾತಿನಲ್ಲಿ ಎರಡು ಬೇರೆ ಬೇರೆ ಕಾಯಿಲೆಗಳು ಅಡಗಿವೆ. ಸೆಲ್ಫ್ ಮೋಟಾರು ಎಂಜಿನ್ನನ್ನು ತಿರುಗಿಸದಿರುವುದು ಒಂದು. ತಿರುಗಿಸಿದರೂ ಎಂಜಿನ್ ತಾನಾಗಿ ಓಡದಿರುವುದು ಇನ್ನೊಂದು. ಇವೆರಡನ್ನು ಬೇರ್ಪಡಿಸದೆ ಮುಂದೆ ಹೋಗಬಾರದು.

ತಿರುಗದಿದ್ದರೆ ಮೊದಲು ಬ್ಯಾಟರಿಯನ್ನು ನೋಡಬೇಕು. ಪೂರ್ಣ ಚಾರ್ಜ್ ಆಗಿ ವಿಶ್ರಾಂತಿಯಲ್ಲಿರುವ 12 ವೋಲ್ಟಿನ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. 12 ವೋಲ್ಟಿಗೆ ಇಳಿದಿದ್ದರೆ ಅದು ಬಹುತೇಕ ಖಾಲಿ ಎಂದೇ ಅರ್ಥ. ಮೀಟರ್ ಇಲ್ಲದವರಿಗೆ ಹೆಡ್‌ಲೈಟೇ ಸಾಕ್ಷಿ. ದೀಪ ಹಾಕಿ ಚಾವಿ ತಿರುಗಿಸಿದಾಗ ಬೆಳಕು ತೀರಾ ಮಂಕಾದರೆ ಬ್ಯಾಟರಿ ಸೋತಿದೆ, ಟರ್ಮಿನಲ್ಲು ಸಡಿಲವಾಗಿದೆ ಅಥವಾ ಎಂಜಿನ್ ಬಿಗಿಹಿಡಿದಿದೆ. ಬೆಳಕು ಕುಂದದೆ ಕೇವಲ 'ಟಕ್' ಎಂದರೆ ಸೆಲ್ಫ್ ಮೋಟಾರಿಗೆ ವಿದ್ಯುತ್ತು ಸರಿಯಾಗಿ ತಲುಪುತ್ತಿಲ್ಲ.

ರಿಪೇರಿಯ ನಂತರ ಹೆಚ್ಚಾಗಿ ಮರೆತುಹೋಗುವ ವಸ್ತು ಒಂದಿದೆ. ಎಂಜಿನ್ ಮತ್ತು ವಾಹನದ ಶರೀರದ ನಡುವಿನ ದಪ್ಪ ಅರ್ಥಿಂಗ್ ಪಟ್ಟಿಯೇ ಅದು. ಸೆಲ್ಫ್ ಮೋಟಾರು ಎಳೆಯುವ ನೂರಾರು ಆಂಪಿಯರ್ ವಿದ್ಯುತ್ತು ಬ್ಯಾಟರಿಗೆ ಮರಳುವುದು ಈ ದಾರಿಯಿಂದ. ಪಟ್ಟಿಯನ್ನು ಬಿಟ್ಟಿದ್ದರೆ, ಅಥವಾ ಬಣ್ಣ ಹಾಗೂ ತುಕ್ಕಿನ ಮೇಲೆಯೇ ಬಿಗಿದಿದ್ದರೆ, ದೀಪ ಉರಿಯುತ್ತದೆ, ಹಾರ್ನು ಕೂಗುತ್ತದೆ, ಸೆಲ್ಫ್ ಮಾತ್ರ ತಿರುಗುವುದಿಲ್ಲ. ಮೇಲಿನ ಸನ್ನಿವೇಶದಲ್ಲಿ ನಡೆದದ್ದೂ ಇದೇ. ಓಮ್ನಿಯ ಎಂಜಿನ್ ಮುಂದಿನ ಸೀಟಿನ ಕೆಳಗಿರುವುದರಿಂದ ಬಿಟ್ಟ ಪಟ್ಟಿ ಕಣ್ಣಿಗೆ ಬೀಳುವುದು ಕಷ್ಟ. ಹುಡುಕಿ ಬಿಗಿದ ಮೇಲೆ ಸೆಲ್ಫ್ ತಿರುಗುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಹೆಡ್ ಅಥವಾ ಟೈಮಿಂಗ್ ಬೆಲ್ಟ್ ಬಿಚ್ಚಿ ಹಾಕಿದವರು ಸೆಲ್ಫ್ ಹೊಡೆಯುವ ಮೊದಲೇ, ಬ್ಯಾಟರಿಯ ಸಂಪರ್ಕ ತಪ್ಪಿಸಿ, ಪ್ಲಗ್ಗುಗಳನ್ನು ತೆಗೆದು, ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ ಪಾನಾ ಹಾಕಿ ಎಂಜಿನ್ನನ್ನು ಕೈಯಿಂದ ಪೂರ್ತಿ ಎರಡು ಸುತ್ತು ತಿರುಗಿಸಬೇಕು. ಎಲ್ಲಿಯಾದರೂ ಗಟ್ಟಿಯಾಗಿ ತಡೆದರೆ ಬಲ ಹಾಕಬಾರದು. ವಾಲ್ವು ಪಿಸ್ಟನ್ನಿಗೆ ತಗಲುತ್ತಿರಬಹುದು. ಪ್ಲಗ್ಗುಗಳನ್ನು ತೆಗೆಯದೆ ಸೆಲ್ಫ್ ಹೊಡೆದರೆ ಇನ್ನೊಂದು ಅಪಾಯವೂ ಇದೆ. ಹೆಡ್ ಇಳಿಸುವಾಗ ಸಿಲಿಂಡರಿನೊಳಗೆ ನೀರು ನಿಂತಿದ್ದರೆ, ಗಾಳಿಯಂತೆ ನೀರನ್ನು ಒತ್ತಲಾಗುವುದಿಲ್ಲವಾದ್ದರಿಂದ ಕನೆಕ್ಟಿಂಗ್ ರಾಡೇ ಬಾಗಬಹುದು. ಐದು ನಿಮಿಷದ ಈ ಪರೀಕ್ಷೆ ಸಾವಿರಾರು ರೂಪಾಯಿ ಉಳಿಸುತ್ತದೆ.

ತಿರುಗುತ್ತದೆ, ಆದರೆ ಓಡುವುದಿಲ್ಲ

ಪೆಟ್ರೋಲ್ ಎಂಜಿನ್ ಓಡಲು ನಾಲ್ಕು ಸಂಗತಿಗಳು ಸೇರಬೇಕು: ಕಿಡಿ, ಗಾಳಿಯೊಡನೆ ಬೆರೆತ ಇಂಧನ, ಸಿಲಿಂಡರಿನ ಒತ್ತಡ, ಮತ್ತು ಇವು ಮೂರೂ ಒಂದೇ ಗಳಿಗೆಗೆ ಕೂಡಿಬರುವ ಹೊಂದಾಣಿಕೆ. ರಿಪೇರಿಯ ನಂತರ ತಪ್ಪುವುದು ಹೆಚ್ಚಾಗಿ ನಾಲ್ಕನೆಯದು. ಆದರೂ ಕ್ರಮವಾಗಿ ಸಾಗುವುದೇ ಲೇಸು.

ಮೊದಲನೆಯದು ಕಿಡಿ. 1951ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಮೈಕೊ ಸಂಸ್ಥೆ 2008ರಿಂದ ಬಾಷ್ ಎಂಬ ಹೆಸರು ಪಡೆದರೂ, ಪ್ಲಗ್ಗು ಎಂದೊಡನೆ ಮೈಕೊ ಹೆಸರನ್ನೇ ನೆನೆಯುವ ಹಿರಿಯ ವರ್ತಕರು ಇದ್ದಾರೆ. ಪ್ಲಗ್ಗನ್ನು ತೆಗೆದು, ತಂತಿ ಸಿಕ್ಕಿಸಿ, ಅದರ ಲೋಹದ ಭಾಗವನ್ನು ಎಂಜಿನ್ನಿಗೆ ಚೆನ್ನಾಗಿ ತಾಗಿಸಿ ಸೆಲ್ಫ್ ಹೊಡೆದರೆ ನೀಲಿ ಕಿಡಿ ಕಾಣಬೇಕು. ಈ ಪರೀಕ್ಷೆಯನ್ನು ತೆರೆದ ಪ್ಲಗ್ ರಂಧ್ರ ಮತ್ತು ಪೆಟ್ರೋಲ್ ಆವಿಯಿಂದ ದೂರದಲ್ಲಿ ಮಾಡಬೇಕು. ತಂತಿಯನ್ನು ಬರಿಗೈಯಲ್ಲಿ ಹಿಡಿಯಬಾರದು. ಅದರಲ್ಲಿ ಹರಿಯುವುದು ಸಾವಿರಾರು ವೋಲ್ಟ್. ಕಿಡಿಯೇ ಇಲ್ಲವಾದರೆ ಕಾಯಿಲ್‌ನ ಸಣ್ಣ ತಂತಿಗಳು, ಫ್ಯೂಸು, ಡಿಸ್ಟ್ರಿಬ್ಯೂಟರಿನ ಮುಚ್ಚಳ ಹಾಗೂ ಅದರೊಳಗಿನ ರೋಟರನ್ನು ನೋಡಬೇಕು. ರೋಟರನ್ನು ಮೇಜಿನ ಮೇಲೆಯೇ ಮರೆತವರಿದ್ದಾರೆ.

ಎರಡನೆಯದು ಇಂಧನ. ಕಾರ್ಬೊರೇಟರ್ ಮಾದರಿಯಲ್ಲಿ ಏರ್ ಫಿಲ್ಟರ್ ತೆಗೆದು ಆಕ್ಸಿಲರೇಟರ್ ಒತ್ತಿದರೆ ಪೆಟ್ರೋಲಿನ ಸಣ್ಣ ಧಾರೆ ಒಳಗೆ ಚಿಮ್ಮುವುದು ಕಾಣಬೇಕು. ಕಾಣದಿದ್ದರೆ ಪೆಟ್ರೋಲ್ ಪಂಪಿನ ಕೊಳವೆಗಳು ಅದಲುಬದಲಾಗಿರಬಹುದು. ಹಲವು ಬಾರಿ ಪ್ರಯತ್ನಿಸಿದ ಮೇಲೆ ಪ್ಲಗ್ಗು ಒದ್ದೆಯಾಗಿ ಪೆಟ್ರೋಲ್ ವಾಸನೆ ಬಡಿದರೆ ಇಂಧನ ಹೆಚ್ಚಾಗಿದೆ ಎಂದರ್ಥ. ಆಗ ಪ್ಲಗ್ಗುಗಳನ್ನು ಒರೆಸಿ ಒಣಗಿಸಿ, ಆಕ್ಸಿಲರೇಟರನ್ನು ಪೂರ್ತಿ ಒತ್ತಿಹಿಡಿದು ಸೆಲ್ಫ್ ಹೊಡೆಯಬೇಕು. ಇನ್‌ಟೇಕ್ ಮ್ಯಾನಿಫೋಲ್ಡಿನ ಗ್ಯಾಸ್ಕೆಟ್ ಸರಿಯಾಗಿ ಕೂರದೆ ಅಥವಾ ನಿರ್ವಾತದ ಸಣ್ಣ ಕೊಳವೆ ಕಳಚಿ ಗಾಳಿ ಹೆಚ್ಚಾಗಿ ನುಗ್ಗಿದರೂ ಎಂಜಿನ್ ಓಡುವುದಿಲ್ಲ.

ಮೂರನೆಯದು ಒತ್ತಡ. ಇದನ್ನು ಅಳೆಯುವ ಗೇಜು ದುಬಾರಿಯಲ್ಲ. ಎಲ್ಲ ಪ್ಲಗ್ಗುಗಳನ್ನು ತೆಗೆದು, ಇಗ್ನಿಷನ್ ತಂತಿ ಕಳಚಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಒಂದೊಂದು ಸಿಲಿಂಡರನ್ನು ಅಳೆಯಬೇಕು. ಎಲ್ಲ ಸಿಲಿಂಡರುಗಳಲ್ಲೂ ಒತ್ತಡ ತೀರಾ ಕಡಿಮೆಯಿದ್ದರೆ ಟೈಮಿಂಗ್ ಬೆಲ್ಟಿನ ಮೇಲೆ ಅನುಮಾನಪಡಬೇಕು. ಅಕ್ಕಪಕ್ಕದ ಎರಡರಲ್ಲಿ ಮಾತ್ರ ಕಡಿಮೆಯಿದ್ದರೆ ಅವುಗಳ ನಡುವಿನ ಹೆಡ್ ಗ್ಯಾಸ್ಕೆಟ್ ಕೂತಿಲ್ಲ. ಒಂದರಲ್ಲಿ ಮಾತ್ರ ಕಡಿಮೆಯಿದ್ದರೆ ಒಂದು ಚಮಚ ಎಂಜಿನ್ ಆಯಿಲ್ ಹಾಕಿ ಮತ್ತೆ ಅಳೆಯಬೇಕು. ಏರಿದರೆ ಪಿಸ್ಟನ್ ರಿಂಗು, ಏರದಿದ್ದರೆ ವಾಲ್ವು ಅಥವಾ ಗ್ಯಾಸ್ಕೆಟ್. ವಾಲ್ವಿನ ಸಂದನ್ನು ಅಗತ್ಯಕ್ಕಿಂತ ಬಿಗಿಯಾಗಿ ಹೊಂದಿಸಿದರೂ ವಾಲ್ವು ಮುಚ್ಚದೆ ಒತ್ತಡ ಸೋರುತ್ತದೆ.

ಅರ್ಧ ಸುತ್ತಿನ ತಪ್ಪು

ನಾಲ್ಕನೆಯದು ಹೊಂದಾಣಿಕೆ. ಪಿಸ್ಟನ್ ನಾಲ್ಕು ಹೊಡೆತಗಳಲ್ಲಿ ಎರಡು ಬಾರಿ ತುದಿಗೆ ಬರುತ್ತದೆ. ಒಮ್ಮೆ ಮಿಶ್ರಣವನ್ನು ಒತ್ತಿ ಮುಗಿಸಿದಾಗ, ಇನ್ನೊಮ್ಮೆ ಸುಟ್ಟ ಹೊಗೆಯನ್ನು ಹೊರಹಾಕಿ ಮುಗಿಸಿದಾಗ. ಕ್ರ್ಯಾಂಕ್ ಎರಡು ಸುತ್ತು ತಿರುಗಿದರೆ ಕ್ಯಾಮ್ ಮತ್ತು ಡಿಸ್ಟ್ರಿಬ್ಯೂಟರ್ ಒಂದೇ ಸುತ್ತು ತಿರುಗುತ್ತವೆ. ಆದ್ದರಿಂದ ಕ್ರ್ಯಾಂಕ್ ಪುಲ್ಲಿಯ ಗುರುತನ್ನು ಮಾತ್ರ ನಂಬಿ ಡಿಸ್ಟ್ರಿಬ್ಯೂಟರ್ ಕೂರಿಸಿದರೆ ಅದು ಅರ್ಧ ಸುತ್ತು ತಪ್ಪಿ ಕೂರುವ ಸಾಧ್ಯತೆ ಇದೆ. ಆಗ ಕಿಡಿ, ಪೆಟ್ರೋಲ್, ಒತ್ತಡ ಎಲ್ಲವೂ ಇರುತ್ತವೆ. ಕಿಡಿ ಮಾತ್ರ ಹೊಗೆ ಹೊರಹೋಗುವ ಗಳಿಗೆಯಲ್ಲಿ ಹಾರುತ್ತದೆ. ಎಂಜಿನ್ ಓಡದೆ ಕಾರ್ಬೊರೇಟರಿನಿಂದ ಅಥವಾ ಸೈಲೆನ್ಸರಿನಿಂದ 'ಢಬ್' ಎಂಬ ಸದ್ದು ಕೇಳಿಬಂದರೆ ಈ ತಪ್ಪನ್ನು, ಅಥವಾ ಪ್ಲಗ್ ತಂತಿಗಳು ಅದಲುಬದಲಾಗಿರುವುದನ್ನು ಮೊದಲು ಶಂಕಿಸಬೇಕು. ಮಾರುತಿಯ 796 ಸಿಸಿ ಮೂರು ಸಿಲಿಂಡರಿನ ಎಂಜಿನ್ನಿನಲ್ಲಿ ಕಿಡಿಯ ಸರದಿ 1-3-2. ನಾಲ್ಕು ಸಿಲಿಂಡರಿನ ಹೆಚ್ಚಿನ ಕಾರುಗಳಲ್ಲಿ 1-3-4-2.

ಪರೀಕ್ಷೆ ಸುಲಭ. ಮೊದಲನೆಯ ಸಿಲಿಂಡರಿನ ಪ್ಲಗ್ ತೆಗೆದು ರಂಧ್ರಕ್ಕೆ ಹೆಬ್ಬೆರಳು ಒತ್ತಿ, ಮತ್ತೊಬ್ಬರಿಂದ ಪಾನಾದಲ್ಲಿ ಎಂಜಿನ್ನನ್ನು ನಿಧಾನವಾಗಿ ತಿರುಗಿಸಬೇಕು. ಗಾಳಿ ಬೆರಳನ್ನು ತಳ್ಳಲಾರಂಭಿಸಿದರೆ ಅದು ಒತ್ತುವ ಹೊಡೆತ. ಹಾಗೆಯೇ ಮುಂದುವರಿದು ಪುಲ್ಲಿಯ ಗುರುತು ಹೊಂದಿದಾಗ ರೋಟರು ಮೊದಲನೆಯ ಸಿಲಿಂಡರಿನ ತಂತಿಯತ್ತ ಮುಖ ಮಾಡಿರಬೇಕು. ವಿರುದ್ಧ ದಿಕ್ಕಿಗಿದ್ದರೆ ಡಿಸ್ಟ್ರಿಬ್ಯೂಟರನ್ನು ಎತ್ತಿ ತಿರುಗಿಸಿ ಕೂರಿಸಬೇಕು. ಟೈಮಿಂಗ್ ಬೆಲ್ಟ್ ಬಿಚ್ಚಿದ್ದರೆ ಕ್ಯಾಮ್ ಹಾಗೂ ಕ್ರ್ಯಾಂಕ್ ಎರಡರ ಗುರುತುಗಳನ್ನೂ ಮತ್ತೆ ನೋಡಬೇಕು. ಒಂದೆರಡು ಹಲ್ಲು ತಪ್ಪಿದರೂ ಎಂಜಿನ್ ಓಡದಿರಬಹುದು, ಅಥವಾ ಓಡಿದರೂ ಬಲವಿಲ್ಲದೆ ಓಡಬಹುದು.

ಡೀಸೆಲ್ ಮತ್ತು ಇತ್ತೀಚಿನ ವಾಹನಗಳು

2005ರಲ್ಲಿ ಮಾರುಕಟ್ಟೆಗೆ ಬಂದ ಟಾಟಾ ಏಸ್, ಎರಡು ಸಿಲಿಂಡರಿನ ಸಣ್ಣ ಡೀಸೆಲ್ ಎಂಜಿನ್ನನ್ನು ಅನೇಕ ವರ್ತಕರ ಬಾಗಿಲಿಗೆ ತಂದಿತು. ಡೀಸೆಲ್ ಎಂಜಿನ್ನಿಗೆ ಕಿಡಿ ಬೇಡ. ಒತ್ತಿದ ಗಾಳಿಯ ಬಿಸಿಯಿಂದಲೇ ಇಂಧನ ಹತ್ತಿಕೊಳ್ಳುತ್ತದೆ. ಫಿಲ್ಟರ್ ಬದಲಿಸಿದ ಅಥವಾ ಇಂಧನದ ಕೊಳವೆ ಬಿಚ್ಚಿದ ಮೇಲೆ ಹೊರಡದಿದ್ದರೆ ಕೊಳವೆಯಲ್ಲಿ ಗಾಳಿ ಸೇರಿರುವುದೇ ಸಾಮಾನ್ಯ ಕಾರಣ. ಫಿಲ್ಟರಿನ ಬಳಿಯ ಕೈಪಂಪನ್ನು ಒತ್ತುತ್ತಾ, ಗಾಳಿ ಬಿಡುವ ತಿರುಪಿನಿಂದ ಗುಳ್ಳೆಯಿಲ್ಲದ ಡೀಸೆಲ್ ಬರುವವರೆಗೆ ಗಾಳಿ ತೆಗೆಯಬೇಕು. ಆದರೆ ಕಾಮನ್ ರೈಲ್ ಪದ್ಧತಿಯ ವಾಹನಗಳಲ್ಲಿ ಇಂಜೆಕ್ಟರ್ ಕೊಳವೆಯ ನಟ್ಟನ್ನು ಎಂಜಿನ್ ತಿರುಗುತ್ತಿರುವಾಗ ಎಂದಿಗೂ ಸಡಿಲಿಸಬಾರದು. ಅಲ್ಲಿನ ಒತ್ತಡ ಸಾವಿರ ಬಾರ್ ಮೀರಬಹುದು. ಆ ಧಾರೆ ಚರ್ಮವನ್ನು ಭೇದಿಸಿ ಒಳಹೊಕ್ಕರೆ ಗಾಯ ಚಿಕ್ಕದಾಗಿ ಕಂಡರೂ ಕೂಡಲೇ ಆಸ್ಪತ್ರೆಗೆ ಹೋಗಬೇಕಾದಷ್ಟು ಅಪಾಯಕಾರಿ.

ಕಂಪ್ಯೂಟರ್ ನಿಯಂತ್ರಿತ ಪೆಟ್ರೋಲ್ ಎಂಜಿನ್ನುಗಳಲ್ಲಿ ಚಾವಿ ಹಾಕಿದೊಡನೆ ಟ್ಯಾಂಕಿನ ಪಂಪು ಒಂದೆರಡು ಸೆಕೆಂಡು ಗುಂಯ್ಗುಡುವುದು ಕೇಳಬೇಕು. ಕ್ರ್ಯಾಂಕ್ ಸೆನ್ಸರಿನ ಪ್ಲಗ್ಗನ್ನು ಸಿಕ್ಕಿಸಲು ಮರೆತಿದ್ದರೆ ಕಿಡಿಯೂ ಇಲ್ಲ, ಇಂಧನವೂ ಇಲ್ಲ. ಇಮ್ಮೊಬಿಲೈಸರ್ ದೀಪ ಮಿನುಗುತ್ತಿದ್ದರೆ ದೋಷ ಎಂಜಿನ್ನಿನದಲ್ಲ, ಚಾವಿಯದು. 2020ರ ಏಪ್ರಿಲ್ 1ರಿಂದ ಬಿಎಸ್-6 ನಿಯಮ ಜಾರಿಗೆ ಬಂದ ಮೇಲಿನ ವಾಹನಗಳಲ್ಲಿ ಸ್ಕ್ಯಾನರ್ ಇಲ್ಲದೆ ಹೆಚ್ಚು ದೂರ ಸಾಗಲಾಗದು. ವಾರಂಟಿ ಅವಧಿಯಲ್ಲಿ ಸ್ವಂತ ರಿಪೇರಿಗೆ ಕೈಹಾಕಿದರೆ ಆ ಹಕ್ಕಿಗೂ ಧಕ್ಕೆ ಬರಬಹುದು.

ಪಾನಾ ಕೆಳಗಿಡುವ ಗಳಿಗೆ

ಸೆಲ್ಫನ್ನು ಒಮ್ಮೆಗೆ ಹತ್ತು ಸೆಕೆಂಡಿಗಿಂತ ಹೆಚ್ಚು ಹೊಡೆಯಬಾರದು, ನಡುವೆ ಅರ್ಧ ನಿಮಿಷವಾದರೂ ಬಿಡುವು ಕೊಡಬೇಕು. ಇಲ್ಲದಿದ್ದರೆ ಮೋಟಾರು ಸುಡುತ್ತದೆ, ಬ್ಯಾಟರಿ ಬರಿದಾಗುತ್ತದೆ. ನಾಲ್ಕು ಜನರನ್ನು ಕರೆದು ತಳ್ಳಿಸುವುದು ನಮ್ಮ ಊರುಗಳ ಹಳೆಯ ಮದ್ದು. ಸೋತ ಬ್ಯಾಟರಿಗೆ ಅದು ಸರಿ. ಟೈಮಿಂಗ್ ತಪ್ಪಿರುವ ಶಂಕೆಯಿದ್ದಾಗ ಮಾತ್ರ ತಳ್ಳಬಾರದು, ಬಾಗದ ವಾಲ್ವೂ ಬಾಗೀತು. ಕ್ಯಾಟಲಿಟಿಕ್ ಕನ್ವರ್ಟರ್ ಇರುವ ವಾಹನದಲ್ಲಿ ಸುಡದ ಪೆಟ್ರೋಲ್ ಅದರೊಳಗೆ ಸೇರಿ ಆ ದುಬಾರಿ ಭಾಗವೂ ಹಾಳಾಗಬಹುದು.

ಆಯಿಲ್ ಹಾಲಿನಂತೆ ಬೆಳ್ಳಗಾಗಿದ್ದರೆ, ಎಂಜಿನ್ ಒಳಗೆ ಲೋಹ ಬಡಿಯುವ ಸದ್ದು ಬಂದರೆ, ಕೈಯಿಂದ ತಿರುಗಿಸುವಾಗ ತಡೆದರೆ, ಅಲ್ಲಿಗೆ ನಿಲ್ಲಿಸಿ ಬಲ್ಲವರನ್ನು ಕರೆಯಬೇಕು. ಬಿಸಿಯೇರಿದ ಹೆಡ್ಡು ಡೊಂಕಾಗಿದೆಯೇ ಎಂಬುದನ್ನು ಲೇತ್ ವರ್ಕ್‌ಷಾಪಿನಲ್ಲಿ ನೋಡಿಸಿಯೇ ಕೂರಿಸಬೇಕು. ಅದರ ಬೋಲ್ಟುಗಳನ್ನು ಟಾರ್ಕ್ ಪಾನಾದಿಂದ, ನಡುವಿನಿಂದ ಅಂಚಿಗೆ, ಹಂತಹಂತವಾಗಿ ಬಿಗಿಯಬೇಕು. ಹಳೆಯ ಗ್ಯಾಸ್ಕೆಟನ್ನು ಮತ್ತೆ ಬಳಸುವುದು ಉಳಿತಾಯವಲ್ಲ.

ಉಳಿತಾಯವೋ ನಷ್ಟವೋ?

ಇನ್ನು ಲೆಕ್ಕದ ಮಾತು. ಉದಾಹರಣೆಗೆ, ಮೆಕ್ಯಾನಿಕ್‌ನ ಮಜೂರಿ 4,000 ರೂಪಾಯಿ ಎಂದಿಟ್ಟುಕೊಂಡರೆ ಸ್ವಂತ ರಿಪೇರಿಯಿಂದ ಅಷ್ಟು ಉಳಿಯಿತು ಎಂದು ತೋರುತ್ತದೆ. ಆದರೆ ವಾಹನ ಹೊರಡದ ದಿನ ಇಬ್ಬರು ಕೆಲಸಗಾರರಿಗೆ ತಲಾ 800ರಂತೆ 1,600 ರೂಪಾಯಿ ಕೂಲಿ, ಬಾಡಿಗೆ ವಾಹನಕ್ಕೆ 2,500 ರೂಪಾಯಿ ಸೇರಿದರೆ 4,100 ಆಗುತ್ತದೆ. ಉಳಿತಾಯ ಒಂದೇ ಬೆಳಿಗ್ಗೆಯಲ್ಲಿ ಕರಗಿತು. ಮಾಲೀಕರ ಭಾನುವಾರಕ್ಕೆ ಬೆಲೆ ಕಟ್ಟಿಲ್ಲ, ತಪ್ಪಿದ ಆರ್ಡರಿಗೂ ಕಟ್ಟಿಲ್ಲ. ಸ್ವಂತ ರಿಪೇರಿ ತಪ್ಪೆಂದು ಇದರ ಅರ್ಥವಲ್ಲ. ಮರುದಿನ ಬೆಳಿಗ್ಗೆ ವಾಹನ ಬೇಕಾಗಿರುವಾಗ ಹೆಡ್ ಬಿಚ್ಚಬಾರದು ಎಂಬುದಷ್ಟೇ ಇದರ ತಾತ್ಪರ್ಯ.

ಬಿಡಿಭಾಗಗಳನ್ನು ಬೆಂಗಳೂರಿನ ಜೆ.ಸಿ. ರಸ್ತೆಯಿಂದ ತಂದರೂ, ಮಾಲೂರು, ಕೋಲಾರದಿಂದ ತಂದರೂ ಬಿಲ್ಲು ಪಡೆಯುವುದು ಅಗತ್ಯ. ಒಬ್ಬರಿಗೆ ಒಂದೇ ದಿನ 10,000 ರೂಪಾಯಿ ಮೀರಿ ನಗದಾಗಿ ಕೊಟ್ಟ ವ್ಯಾಪಾರದ ವೆಚ್ಚ ಆದಾಯ ತೆರಿಗೆಯ ಲೆಕ್ಕದಲ್ಲಿ ಸಾಮಾನ್ಯವಾಗಿ ಮಾನ್ಯವಾಗುವುದಿಲ್ಲ. ಇರುವ ಸ್ವತ್ತನ್ನು ಸುಸ್ಥಿತಿಯಲ್ಲಿಡಲು ಮಾಡುವ ವೆಚ್ಚವೇ ಚಾಲ್ತಿ ದುರಸ್ತಿ, ಹೊಸ ಸ್ವತ್ತನ್ನು ತರುವ ವೆಚ್ಚ ಅದಲ್ಲ ಎಂಬ ಭೇದವನ್ನು ಸುಪ್ರೀಂ ಕೋರ್ಟ್ 2007ರ ಸರವಣ ಸ್ಪಿನ್ನಿಂಗ್ ಮಿಲ್ಸ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಜಿಎಸ್‌ಟಿಯಲ್ಲಿಯೂ ವ್ಯತ್ಯಾಸವಿದೆ. ಸರಕು ಸಾಗಿಸುವ ವಾಹನದ ರಿಪೇರಿಯ ಮೇಲಿನ ತೆರಿಗೆಗೆ ಜಮೆ ಪಡೆಯಲು ಸಾಮಾನ್ಯವಾಗಿ ಅವಕಾಶವಿದೆ. ಚಾಲಕರೂ ಸೇರಿ 13 ಆಸನದವರೆಗಿನ ಪ್ರಯಾಣಿಕ ವಾಹನದ ರಿಪೇರಿಗೆ, ಕೆಲವು ಅಪವಾದಗಳ ಹೊರತು, ಇಲ್ಲ. ಕಾಂಪೊಸಿಷನ್ ಯೋಜನೆಯಲ್ಲಿರುವವರಿಗೆ ಎರಡರಲ್ಲೂ ಇಲ್ಲ.

ಪ್ರತಿ ವಾಹನಕ್ಕೂ ಒಂದು ನೋಟ್‌ಬುಕ್ ಇಡುವುದು ಉತ್ತಮ. ದಿನಾಂಕ, ಓಡಿದ ಕಿಲೋಮೀಟರ್, ಬಿಚ್ಚಿದ ಭಾಗ, ಹಾಕಿದ ಭಾಗ, ಬಿಲ್ಲಿನ ಸಂಖ್ಯೆ ಇಷ್ಟಿದ್ದರೆ ಸಾಕು. ಅದು ತೆರಿಗೆ ಅಧಿಕಾರಿಗೂ ಉತ್ತರ, ಮೆಕ್ಯಾನಿಕ್‌ಗೂ ಉತ್ತರ. ಬಿಚ್ಚುವ ಮೊದಲು ತಂತಿಗಳಿಗೆ ಸಂಖ್ಯೆಯ ಚೀಟಿ ಅಂಟಿಸಿ ಮೊಬೈಲಿನಲ್ಲಿ ಒಂದು ಚಿತ್ರ ತೆಗೆದರೆ ಖರ್ಚೇನೂ ಇಲ್ಲ.

ಟೇಕಲ್‌ನ ಆ ಸೋಮವಾರಕ್ಕೆ ಮರಳಿದರೆ, ಅರ್ಥಿಂಗ್ ಪಟ್ಟಿ ಬಿಗಿದ ಮೇಲೆ ಸೆಲ್ಫ್ ತಿರುಗಿತು, ಎಂಜಿನ್ ಓಡಲಿಲ್ಲ, ಕಾರ್ಬೊರೇಟರಿನಿಂದ 'ಢಬ್' ಎಂಬ ಸದ್ದು ಬಂತು. ಆಗ ಮಾಲೀಕರು ಮಾಡಬೇಕಾದ ಜಾಣ ಕೆಲಸವೆಂದರೆ ಬ್ಯಾಟರಿ ಬರಿದಾಗುವವರೆಗೆ ಸೆಣಸುವುದಲ್ಲ. ಚಾವಿಯನ್ನು ಜೇಬಿಗೆ ಹಾಕಿಕೊಂಡು ನಿಲ್ದಾಣಕ್ಕೆ ನಡೆದು ಬೆಂಗಳೂರಿನ ಪ್ಯಾಸೆಂಜರ್ ಹಿಡಿಯುವುದು. ಬ್ಲೇಡು ಮಧ್ಯಾಹ್ನಕ್ಕೆ ಬಂದರೆ ಅರ್ಧ ದಿನದ ಕೆಲಸವಾದರೂ ಉಳಿಯುತ್ತದೆ. ಸಂಜೆ ನಿರಾತಂಕವಾಗಿ ರಂಧ್ರಕ್ಕೆ ಹೆಬ್ಬೆರಳು ಒತ್ತಿ ಪರೀಕ್ಷಿಸಿದರೆ ಡಿಸ್ಟ್ರಿಬ್ಯೂಟರ್ ಅರ್ಧ ಸುತ್ತು ತಪ್ಪಿ ಕೂತಿರುವುದು ಕಾಣುತ್ತದೆ. ಅದನ್ನು ಎತ್ತಿ, ತಿರುಗಿಸಿ, ಕೂರಿಸಲು ಬೇಕಾಗುವುದು ಒಂದು ಪಾನಾ ಮತ್ತು ಹತ್ತು ನಿಮಿಷದ ತಾಳ್ಮೆ.